ಕೊಯಮತ್ತೂರು ಸೀಮೆಯ ಗ್ರಂಥಭಂಡಾರಗಳೂ ನಮ್ಮ ಶಾಲೆಗಳೂ

ಗುರು, ಶಿಷ್ಯ, ಗ್ರಂಥ ಈ ಮೂರೂ ಕೂಡಿದ ಸ್ಥಾನಕ್ಕೆ ಶಾಲೆಯೆಂದು ಹೆಸರು. ಇವುಗಳಲ್ಲಿ ಗುರುಗಳ ವಿಷಯವಾಗಿಯೂ ಶಿಷ್ಯರ ವಿಷಯವಾಗಿಯೂ ನಮ್ಮ ಸಭೆಗಳಲ್ಲಿ ಆಗಾಗ ಚರ್ಚೆ ನಡೆಯುವುದುಂಟು. ಗ್ರಂಥಗಳ ವಿಷಯವಾಗಿ ಚರ್ಚೆ ನಡೆಯುವುದು ಅಪೂರ್ವ. ಶಾಲೆಯಲ್ಲಿ ಗ್ರಂಥಭಂಡಾರವೊಂದು ಇದೆಯೇ, ಇದ್ದರೆ ಅದನ್ನು ನೋಡಿಕೊಳ್ಳುವವರು ಯಾರು, ಅಲ್ಲಿಯ ಪುಸ್ತಕಗಳನ್ನು ಆರಿಸಿದವರು ಯಾರು, ಅವು ಮಕ್ಕಳ ಕೈಗೆ ಬರುವುದು ಹೇಗೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಸಂಘದ ವಾರ್ಷಿಕೋತ್ಸವದ ಈ ಸ್ಮರಣಸಂಚಿಕೆಯಲ್ಲಿ ಆ ವಿಷಯದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮಗೆ ಒದಗಬಹುದಾದ ಪಾಠವೇನೆಂಬುದನ್ನು ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಭಾರತದ ಗ್ರಂಥಾಲಯ ಚಳವಳಿಯ ಚರಿತ್ರೆಯಲ್ಲಿ ನಮ್ಮ ಸೀಮೆಗೆ ಸಲ್ಲುವ ಪಾಲು ಸಣ್ಣದಲ್ಲ. ಅದರಲ್ಲಿ ಕನ್ನಡನಾಡಿನ ನಂಟೂ ಸೇರಿಕೊಂಡಿದೆಯೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಮೊದಲಿಗೆ ‘ನಮ್ಮ ಸೀಮೆ’ ಎಂದರೆ ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಂದು ಕೊಯಮತ್ತೂರು, ತಿರುಪ್ಪೂರು, ಈರೋಡು ಎಂದು ಮೂರಾಗಿ ಕಾಣುವ ಜಿಲ್ಲೆಗಳು ಹಿಂದೆ ಒಂದೇ ಜಿಲ್ಲೆಯಾಗಿದ್ದವು. 1979ರಲ್ಲಿ ಈರೋಡಿನ ಭಾಗವು ಪೆರಿಯಾರ್ ಜಿಲ್ಲೆಯೆಂಬ ಹೆಸರಿನಿಂದ ಬೇರೆಯಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯ ರಚನೆಯಾಯಿತು. ಇವೆರಡಕ್ಕೂ ಮೊದಲು, ರಾಜ್ಯ ಪುನರ್ವಿಂಗಡಣೆಯಾದ 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿನವರೆಗೆ, ಅಚ್ಚಗನ್ನಡದ ಕೊಳ್ಳೇಗಾಲ ತಾಲ್ಲೂಕೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಲೆಯ ಮಹದೇಶ್ವರನ ಬೆಟ್ಟವು ಆಗ ನಮ್ಮ ಜಿಲ್ಲೆಯ ಬೆಟ್ಟವೇ. ಕೊಳ್ಳೇಗಾಲವು ಮೈಸೂರಿಗೆ ಸೇರಿದ ಮೇಲೆಯೂ ತಾಳವಾಡಿಯ ಸೀಮೆ ಇತ್ತಲೇ ಉಳಿಯಿತು. ಬಯಲಿನ ಊರುಗಳಲ್ಲಿ ತಲೆತಲಾಂತರದಿಂದ ನೆಲಸಿ ಮಗ್ಗ ಹೂಡಿದ ದೇವಾಂಗ ಕುಟುಂಬಗಳೂ ಬೇಸಾಯಗಾರರ ಮನೆಗಳೂ ಮನೆಮಾತಾದ ಕನ್ನಡವನ್ನು ಬಿಡದೆ ಬಂದವು. ನಮ್ಮ ಕನ್ನಡವು ಹೀಗೆ ಆಡಳಿತದ ಗೆರೆಗಳು ಬದಲಾದಾಗಲೆಲ್ಲ ಹೊಸ ನೆರೆಹೊರೆಗೆ ಹೊಂದಿಕೊಂಡು ಬಂದ ಕನ್ನಡ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆಂದು ಪ್ರಸಿದ್ಧರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಅವರು ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅವರ ಉಪಾಧ್ಯಾಯವೃತ್ತಿ ಆರಂಭವಾಯಿತು. ಪಂಜೆ ಮಂಗೇಶರಾಯರು ಹಿಂದೊಮ್ಮೆ ಕನ್ನಡವನ್ನು ಬೋಧಿಸಿದ್ದ ಕಾಲೇಜು ಅದೇ. ಮಂಗಳೂರಿನಿಂದ ರಂಗನಾಥನ್ ಅವರು ಕೊಯಮತ್ತೂರಿನ ಸರ್ಕಾರಿ ಕಾಲೇಜಿಗೆ ವರ್ಗವಾಗಿ ಬಂದರು. ಇಲ್ಲಿಂದ 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಕನ್ನಡದ ಕಡಲತೀರದ ಊರೊಂದು, ಕೊಂಗುನಾಡಿನ ನಮ್ಮ ಊರೊಂದು, ಇವೆರಡೂ ಆ ಮಹನೀಯರ ಅಧ್ಯಾಪನದ ಮೊದಲ ನೆಲೆಗಳು. ಮದರಾಸಿನಲ್ಲಿ ಅವರು ಉಪಾಧ್ಯಾಯರ ಸಂಘದ ಗಣಿತ ವಿಜ್ಞಾನ ವಿಭಾಗಕ್ಕೆ ಕಾರ್ಯದರ್ಶಿಯಾಗಿಯೂ ದುಡಿದರು. ಗ್ರಂಥಪಾಲಕರಾಗುವ ಮೊದಲು ಅವರು ಶಾಲಾ ಕಾಲೇಜುಗಳ ಕಷ್ಟಸುಖಗಳನ್ನು ಒಳಗಿನಿಂದ ಕಂಡವರೆಂಬುದು ಇದರಿಂದ ತಿಳಿದುಬರುತ್ತದೆ.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನಿಯಮಿತರಾದರು. ತರಗತಿಯ ಕಲರವಕ್ಕೆ ಒಗ್ಗಿದ್ದ ಅವರಿಗೆ ಪುಸ್ತಕದ ಕೋಣೆಯ ಏಕಾಂತವು ಒಂದು ವಾರದೊಳಗೇ ಬೇಸರ ತಂದಿತೆಂದೂ, ಹಳೆಯ ಕೆಲಸಕ್ಕೆ ಮರಳಿ ಕರೆದುಕೊಳ್ಳಬೇಕೆಂದು ಅವರು ಕಾಲೇಜಿನ ಪ್ರಾಂಶುಪಾಲರನ್ನು ಬೇಡಿಕೊಂಡರೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಇಂಗ್ಲೆಂಡಿಗೆ ಹೋಗಿ ಆ ಶಾಸ್ತ್ರವನ್ನು ಕಲಿತು ಬಂದ ಮೇಲೆಯೂ ಬೇಸರ ಹೋಗದಿದ್ದರೆ ನೋಡೋಣವೆಂದು ಉತ್ತರ ಬಂದಿತು. ಲಂಡನ್ನಿನಲ್ಲಿ ಅವರು ಬರ್ವಿಕ್ ಸೇಯರ್ಸ್ ಎಂಬ ವಿದ್ವಾಂಸರಲ್ಲಿ ವ್ಯಾಸಂಗ ಮಾಡಿದರು. ಆ ದೇಶದ ಅನೇಕ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕೂಲಿಕಾರರೂ ಗೃಹಿಣಿಯರೂ ಬಾಲಕರೂ ಸಮಾನವಾಗಿ ಗ್ರಂಥಗಳನ್ನು ಬಳಸುತ್ತಿದ್ದುದನ್ನು ಕಂಡು ಅವರ ಮನಸ್ಸು ಪರಿವರ್ತನೆ ಹೊಂದಿತು. 1925ರಲ್ಲಿ ಹಿಂದಿರುಗಿದ ಅವರು ಗಣಿತದ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದಿನ ಕಾರ್ಯಗಳನ್ನು ಗಮನಿಸಿದರೆ ಅವರಲ್ಲಿ ಗ್ರಂಥಪಾಲಕನೂ ಸಂಶೋಧಕನೂ ಒಂದೇ ದೇಹದಲ್ಲಿ ವಾಸಮಾಡಿದ್ದರೆಂದು ತೋರುತ್ತದೆ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪಿತವಾಯಿತು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳೂ, 1933ರಲ್ಲಿ ಅವರದೇ ಆದ ದ್ವಿಬಿಂದು ವರ್ಗೀಕರಣವೂ ಪ್ರಕಟವಾದುವು. ಪಂಚಸೂತ್ರಗಳ ತಾತ್ಪರ್ಯವನ್ನು ಬಾಲಕರೂ ತಿಳಿಯಬಲ್ಲರು: ಪುಸ್ತಕವಿರುವುದು ಬಳಕೆಗಾಗಿ, ಓದುಗನಿಗೆ ಅವನಿಗೆ ತಕ್ಕ ಪುಸ್ತಕವೂ ಪುಸ್ತಕಕ್ಕೆ ಅದಕ್ಕೆ ತಕ್ಕ ಓದುಗನೂ ದೊರೆಯಬೇಕು, ಹುಡುಕುವುದರಲ್ಲಿ ಕಾಲಹರಣವಾಗಕೂಡದು, ಗ್ರಂಥಾಲಯವು ಮರದಂತೆ ಬೆಳೆಯುತ್ತಿರಬೇಕು. ಪಂಚಸೂತ್ರಗಳು ಬೆಳಕು ಕಂಡ ವರ್ಷವೇ, ಮನ್ನಾರುಗುಡಿಯ ಹತ್ತಿರದ ಹಳ್ಳಿಗಳಲ್ಲಿ ಕನಕಸಭೈ ಪಿಳ್ಳೆಯವರೆಂಬ ಮಹನೀಯರು ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿಕೊಂಡು ಹೋಗುವ ಸಂಚಾರಿ ಗ್ರಂಥಾಲಯವನ್ನು ಆರಂಭಿಸಿದರು. ಒಂದು ಕಡೆ ಶಾಸ್ತ್ರ, ಇನ್ನೊಂದು ಕಡೆ ಎತ್ತಿನ ಗಾಡಿ. ಎರಡೂ ಕೂಡಿದುದರಿಂದಲೇ ಚಳವಳಿಗೆ ಜೀವ ಬಂದಿತು.

ಆದರೆ ಚಳವಳಿಯು ಶಾಸನವಾಗುವುದಕ್ಕೆ ದೀರ್ಘಕಾಲ ಹಿಡಿಯಿತು. 1930ರ ಡಿಸೆಂಬರಿನಲ್ಲಿ ಕಾಶಿಯಲ್ಲಿ ನೆರೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ರಂಗನಾಥನ್ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಮಂಡಿಸಿದರು. 1933ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಪ್ರಯತ್ನವೊಂದು ನಡೆದು ವಿಫಲವಾಯಿತು. ಕಾರ್ಯವು ಫಲಿಸುವುದಕ್ಕೆ ನಮ್ಮ ಸೀಮೆಯ ಪುರುಷರೊಬ್ಬರು ಅಧಿಕಾರಕ್ಕೆ ಬರಬೇಕಾಯಿತು. ಅವರೇ ತಿರುಪ್ಪೂರಿನಲ್ಲಿ 1903ರಲ್ಲಿ ಹುಟ್ಟಿದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು. ಅವರು 1930ರಲ್ಲಿ ಶ್ರೀರಾಮಕೃಷ್ಣ ವಿದ್ಯಾಲಯವನ್ನು ಸ್ಥಾಪಿಸಿದವರು. ಆ ವಿದ್ಯಾಸಂಸ್ಥೆ ಪೆರಿಯನಾಯಕನಪಾಳ್ಯದಲ್ಲಿ ಇಂದಿಗೂ ನಡೆಯುತ್ತಿದೆ. 1946ರಿಂದ 1949ರವರೆಗೆ ಅವರು ಮದರಾಸು ಪ್ರಾಂತದ ಶಿಕ್ಷಣ ಸಚಿವರಾಗಿದ್ದರು. ಅವರ ಅಧಿಕಾರಾವಧಿಯಲ್ಲಿ, 1948ರಲ್ಲಿ, ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಅಂಗೀಕೃತವಾಯಿತು. ಸ್ವತಂತ್ರ ಭಾರತದಲ್ಲಿ ಗ್ರಂಥಾಲಯಗಳಿಗಾಗಿ ಹುಟ್ಟಿದ ಮೊದಲ ಶಾಸನವಿದು. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ, ಮನೆಕಂದಾಯದೊಡನೆ ಸೇರಿಬರುವ ಅಲ್ಪ ಮೊತ್ತದ ಗ್ರಂಥಾಲಯ ಕರ, ಆ ಕರದ ಬಲದಿಂದ ಊರೂರಿನ ಶಾಖೆಗಳು ಎಂಬ ಏರ್ಪಾಡು ಹೀಗೆ ಬಂದಿತು. ಓದುವ ಹಕ್ಕು ಬಡವನಿಗೂ ಇದೆಯೆಂದು ಸರ್ಕಾರವು ಕಾಗದದ ಮೇಲೆ ಒಪ್ಪಿಕೊಂಡಂತಾಯಿತು. ಮಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಗಣಿತ ಕಲಿಸಿದ ಉಪಾಧ್ಯಾಯರ ಶಾಸ್ತ್ರಜ್ಞಾನ, ತಿರುಪ್ಪೂರಿನಲ್ಲಿ ಹುಟ್ಟಿದ ವಿದ್ಯಾಪ್ರೇಮಿಯ ಕಾರ್ಯಶಕ್ತಿ, ಇವೆರಡೂ ಸೇರಿದುದರ ಫಲವಿದು.

ಈ ಶಾಸನದ ಫಲವು ಕನ್ನಡಿಗರಿಗೂ ಸಂದಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಇವು ಆಗ ಮದರಾಸಿನ ಆಡಳಿತದಲ್ಲಿದ್ದವಷ್ಟೆ. ಹಳೆಯ ಮೈಸೂರಿನ ಕನ್ನಡಿಗರಿಗೆ ಗ್ರಂಥಾಲಯ ಶಾಸನವು 1965ರಲ್ಲಿ ಲಭಿಸಿದರೆ ಕೊಳ್ಳೇಗಾಲದ ಕನ್ನಡಿಗರು ಅದಕ್ಕೆ ಹದಿನೇಳು ವರ್ಷ ಮೊದಲೇ ಅಂಥ ಶಾಸನದ ನೆರಳಿನಲ್ಲಿದ್ದರು. ಮುಂದೆ ರಂಗನಾಥನ್ ಅವರೇ ಬೆಂಗಳೂರಿನಲ್ಲಿ ನೆಲಸಿದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಆ ನಗರದಲ್ಲಿಯೇ ಕಾಲಾಧೀನರಾದರು. ಕನ್ನಡನಾಡಿನಲ್ಲಿ ಆರಂಭವಾದ ಅವರ ವೃತ್ತಿಜೀವನವು ಕನ್ನಡನಾಡಿನಲ್ಲಿಯೇ ಕೊನೆಗೊಂಡಿತು.

ಇಷ್ಟು ಕೇಳಿದ ಮೇಲೆ, ‘ಶಾಸನವಿದೆ, ಶಾಸ್ತ್ರವಿದೆ, ಊರೂರಿಗೂ ಶಾಖೆಯಿದೆ, ಶಾಲೆಯ ಗ್ರಂಥಭಂಡಾರಕ್ಕೇನು ಕೊರತೆ?’ ಎಂದು ಯಾರಾದರೂ ಕೇಳಬಹುದು. ಕೊರತೆಯ ಮೂಲವು ಇಲ್ಲಿಯೇ ಇದೆ. 1948ರ ಕಾಯಿದೆಯು ಸಾರ್ವಜನಿಕ ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ಶಾಲೆಯ ಬೀರು ಅದರ ವ್ಯಾಪ್ತಿಗೆ ಬರಲಿಲ್ಲ. ರಂಗನಾಥನ್ ಅವರಿಗೆ ಶಾಲೆಯ ಚಿಂತೆ ಇಲ್ಲದಿರಲಿಲ್ಲ. 1942ರಷ್ಟು ಹಿಂದೆಯೇ ಅವರು ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತು ಪ್ರತ್ಯೇಕ ಗ್ರಂಥವನ್ನು ಬರೆದಿದ್ದರು. ಅವರು ತೀರಿಕೊಂಡ ಮರುವರ್ಷ, 1973ರಲ್ಲಿ, ಪ್ರಕಟವಾದ ಅವರ ಪುಸ್ತಕದ ವಿಷಯವೂ ನವೀನ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯವೇ. ಈ ನಡುವೆ 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗವು ಶಾಲಾ ಗ್ರಂಥಭಂಡಾರಗಳ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಬಯಲಿಗಿಟ್ಟಿತು. ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ನೋಡದೆ ಕೊಂಡವು, ಬೀಗ ಹಾಕಿದ ಬೀರುಗಳಲ್ಲಿ ಬಿದ್ದಿರುವಂಥವು. ಅವುಗಳ ಮೇಲ್ವಿಚಾರಣೆ ಗ್ರಂಥಪ್ರೇಮವಾಗಲಿ ಗ್ರಂಥಾಲಯ ಶಾಸ್ತ್ರದ ಪರಿಚಯವಾಗಲಿ ಇಲ್ಲದ ಗುಮಾಸ್ತರದೋ ಬಿಡುವಿಲ್ಲದ ಉಪಾಧ್ಯಾಯರದೋ ಆಗಿರುತ್ತದೆ. 1953ರಲ್ಲಿ ಆಯೋಗವು ಕೊಟ್ಟ ವರದಿಯ ಅಭಿಪ್ರಾಯದ ಸಾರಾಂಶವಿದು. ಶಿಕ್ಷಣ ಪಡೆದ ಗ್ರಂಥಪಾಲಕರನ್ನು ನೇಮಿಸಿ ಅವರಿಗೆ ಉಪಾಧ್ಯಾಯರಿಗೆ ಸಮನಾದ ಗೌರವವನ್ನು ಕೊಡಬೇಕೆಂದು ಆಯೋಗವು ಸಲಹೆಮಾಡಿತು. ಆ ವರದಿ ಬಂದು ಎಪ್ಪತ್ತು ವರ್ಷಗಳು ಕಳೆದಿವೆ. ಅದರಲ್ಲಿ ವರ್ಣಿತವಾದ ಬೀರುವನ್ನು ಗುರುತಿಸುವುದು ಇಂದಿನ ಉಪಾಧ್ಯಾಯರಿಗೂ ಕಷ್ಟವಾಗದು.

ಈಗ ಇನ್ನೊಂದು ಪಾರ್ಶ್ವವನ್ನು, ಎಂದರೆ ವಿದ್ವಾಂಸರ ಪಾರ್ಶ್ವವನ್ನು, ನೋಡೋಣ. ಹಳೆಯ ಮದರಾಸು ಪ್ರಾಂತದಲ್ಲಿ ಕನ್ನಡದ ವಿದ್ವತ್ತಿಗೂ ಶಾಲೆಗೂ ಇದ್ದ ಸಂಬಂಧ ಆತ್ಮೀಯವಾದುದು. ಪಂಜೆಯವರು ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ಶಾಸನಗಳನ್ನೂ ವ್ಯಾಕರಣವನ್ನೂ ಬಲ್ಲ ಆ ಪಂಡಿತರೇ ಮಕ್ಕಳಿಗಾಗಿ ಕತೆಗಳನ್ನೂ ಪದ್ಯಗಳನ್ನೂ ಬರೆದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನಲ್ಲಿ ಕುಳಿತು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆಯನ್ನೇ ಗ್ರಂಥಭಂಡಾರವನ್ನಾಗಿ ಮಾಡಿಕೊಂಡು ಸಂಶೋಧನೆ ನಡೆಸಿದರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಮದರಾಸು ಸರ್ಕಾರವೇ. ಅವರ ಅನಂತರ ಆ ಪುಸ್ತಕಗಳು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸಂದು ವಿದ್ಯಾರ್ಥಿಗಳ ಸ್ವತ್ತಾದವು. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿ ಎಂ. ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿದರು. ಅದು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಪಂಡಿತನಾದವನು ಮಕ್ಕಳಿಗಾಗಿ ಬರೆಯುವುದನ್ನು ಕೀಳೆಂದು ಆಗ ಯಾರೂ ಭಾವಿಸಲಿಲ್ಲ.

ಆದರೆ ಈ ಸಂಬಂಧವು ನಮ್ಮ ಸೀಮೆಯ ಮಟ್ಟಿಗೆ 1956ರ ಬಳಿಕ ಸಡಿಲವಾಯಿತು. ಒಂದು ನಿದರ್ಶನವನ್ನು ನೋಡಬಹುದು. ಮಲೆಯ ಮಹದೇಶ್ವರನ ಮಹಾಕಾವ್ಯವನ್ನು ದೇವರ ಗುಡ್ಡರು ಕಂಸಾಳೆ ಹಿಡಿದು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಕೊಳ್ಳೇಗಾಲವು ನಮ್ಮ ಜಿಲ್ಲೆಯಲ್ಲಿದ್ದಾಗ ಆ ಹಾಡು ನಮ್ಮ ಜಿಲ್ಲೆಯ ಹಾಡು. ಅದನ್ನು ಗಾಯಕರ ಬಾಯಿಂದ ಕೇಳಿ ಬರೆದುಕೊಂಡು ಗ್ರಂಥರೂಪಕ್ಕೆ ತಂದ ಕೀರ್ತಿ 1970ರ ದಶಕದಲ್ಲಿ ಪಿ. ಕೆ. ರಾಜಶೇಖರ ಅವರೇ ಮೊದಲಾದ ಮೈಸೂರಿನ ಜಾನಪದ ವಿದ್ವಾಂಸರಿಗೆ ಸಲ್ಲುತ್ತದೆ. ಕಾರ್ಯವು ಅತ್ಯಂತ ಶ್ಲಾಘನೀಯವಾದುದು. ಆದರೆ ಗಡಿಯು ನಡುವೆ ಬಂದುದರಿಂದ ಅಂಥ ಗ್ರಂಥಗಳು ಗಡಿಯಾಚೆಯ ಗ್ರಂಥಭಂಡಾರಗಳಿಗೆ ಸಹಜವಾಗಿ ಹೋಗುತ್ತವೆ. ಈಚೆಯ ಶಾಲೆಗಳಿಗೆ ಯಾರಾದರೂ ಹೊತ್ತು ತಂದರೆ ಮಾತ್ರ ಬರುತ್ತವೆ. ಇಂದಿಗೂ ನಮ್ಮ ಜನ ಹರಕೆ ಹೊತ್ತು ಆ ಬೆಟ್ಟಕ್ಕೆ ನಡೆಯುತ್ತಾರೆ. ಅಜ್ಜಿಯ ಜೊತೆಯಲ್ಲಿ ಬೆಟ್ಟ ಹತ್ತುವ ಮೊಮ್ಮಗನಿಗೆ ಆ ದೇವರ ಕತೆಯನ್ನು ಅಜ್ಜಿಯ ಮಾತಿನಲ್ಲಿಯೇ ಓದುವ ಭಾಗ್ಯವಿರಬೇಡವೇ?

ಗ್ರಂಥಪಾಲಕರೂ ಸಂಶೋಧಕರೂ ಒಂದೆಡೆ ಸೇರಬೇಕೆಂಬ ವಿಚಾರವು ಕೇವಲ ನಮ್ಮ ಕಲ್ಪನೆಯಲ್ಲ. ಲೋಕದ ಇತರ ಭಾಗಗಳಲ್ಲಿಯೂ ಅದು ನಡೆದು ಬಂದಿದೆ. 1971ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಶಾಲಾ ಗ್ರಂಥಪಾಲಕರ ಅಂತರರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ನಾನಾ ದೇಶಗಳ ಶಾಲಾ ಗ್ರಂಥಪಾಲಕರೂ ಅದೇ ವಿಷಯದಲ್ಲಿ ಸಂಶೋಧನೆ ನಡೆಸುವ ಪ್ರಾಧ್ಯಾಪಕರೂ ಅದರ ಸಮ್ಮೇಳನಗಳಲ್ಲಿ ಸಮಾನರಾಗಿ ಕುಳಿತು ಚರ್ಚಿಸುತ್ತಾರೆ. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ನಡೆದ ಶೋಧನೆಯೊಂದು 1993ರಲ್ಲಿ ಪ್ರಕಟವಾಯಿತು. ಸಾಕಷ್ಟು ಪುಸ್ತಕಗಳೂ ಸಾಕಷ್ಟು ಸಿಬ್ಬಂದಿಯೂ ಇರುವ ಗ್ರಂಥಾಲಯವುಳ್ಳ ಶಾಲೆಗಳಲ್ಲಿ, ಮನೆಯವರು ಬಡವರಿರಲಿ ಬಲ್ಲಿದರಿರಲಿ, ಮಕ್ಕಳ ವಾಚನಶಕ್ತಿ ಹೆಚ್ಚಾಗಿರುವುದೆಂದು ಅದು ತೋರಿಸಿಕೊಟ್ಟಿತು. 1999ರಲ್ಲಿ ಯುನೆಸ್ಕೊ ಸಂಸ್ಥೆಯು ಶಾಲಾ ಗ್ರಂಥಾಲಯವನ್ನು ಕುರಿತು ಘೋಷಣೆಯೊಂದನ್ನು ಅನುಮೋದಿಸಿ, ಶಾಲಾ ಗ್ರಂಥಾಲಯವು ವಿದ್ಯಾಭ್ಯಾಸದ ಅವಿಭಾಜ್ಯ ಅಂಗವೆಂಬುದನ್ನು ಎತ್ತಿಹಿಡಿಯಿತು. ಗ್ರಂಥಪಾಲಕನ ಕಣ್ಣಿಗೆ ಬಿದ್ದ ಸಂಗತಿಯನ್ನು ಸಂಶೋಧಕನು ಅಳೆದು ತೂಗಿ ಲೋಕಕ್ಕೆ ತೋರಿಸಿದಾಗ ಸರ್ಕಾರಗಳೂ ಕಿವಿಗೊಡುತ್ತವೆ. ಹೀಗೆ ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಪ್ರಯೋಜನವಿದೆ.

ನಮ್ಮ ಮಟ್ಟಿಗಂತೂ ಈ ಕಾರ್ಯವನ್ನು ಮುಂದೂಡುವಂತಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿಯು 1956ರಲ್ಲಿಯೇ ಸಂವಿಧಾನಕ್ಕೆ ಸೇರಿದೆ. 2006ರಲ್ಲಿ ಬಂದ ತಮಿಳು ಕಲಿಕೆಯ ಕಾಯಿದೆಯು ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷವರ್ಷವೂ ಮೇಲೇರಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ತಮಿಳುನಾಡಿನಲ್ಲಿ ಬಾಳುವ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಬೇಕಾದುದು ನ್ಯಾಯವೇ. ನಮಗೆ ಅನ್ನವಿತ್ತ ನೆಲದ ನುಡಿ ಅದು. ಅದರ ಸಾಹಿತ್ಯ ಹಿರಿದು. ಆದರೆ ತರಗತಿಯ ವೇಳೆಯಲ್ಲಿ ಕನ್ನಡಕ್ಕೆ ಸ್ಥಳವು ಕಿರಿದಾದಷ್ಟೂ ತರಗತಿಯ ಹೊರಗಿನ ಓದಿಗೆ, ಎಂದರೆ ಗ್ರಂಥಭಂಡಾರಕ್ಕೆ, ಹೊಣೆ ಹೆಚ್ಚುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗುವು ಕನ್ನಡ ಅಕ್ಷರವನ್ನು ಓದಲಾರದೆ ಹೋದರೆ ಆ ಮನೆಯ ಕನ್ನಡ ಇನ್ನೊಂದೆರಡು ತಲೆಮಾರುಗಳಲ್ಲಿ ಅಡಿಗೆಮನೆಯ ನಾಲ್ಕು ಮಾತುಗಳಿಗೆ ಇಳಿಯುವುದರಲ್ಲಿ ಸಂದೇಹವಿಲ್ಲ. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಹಣಿಗೆ ಎಂಬ ಮಗ್ಗದ ಮಾತುಗಳು ಮಗ್ಗದೊಡನೆಯೇ ಮೂಲೆ ಸೇರುತ್ತವೆ. ಬರೆದಿಡುವವರಿಲ್ಲದೆ ಹೋದ ಮಾತನ್ನು ಮುಂದೆ ಯಾವ ನಿಘಂಟುಕಾರನೂ ಹುಡುಕಿ ತರಲಾರನು.

ಹಾಗಾದರೆ ಮಾಡಬೇಕಾದುದೇನು? ಪ್ರಾಜ್ಞರ ವಿಚಾರಕ್ಕಾಗಿ ನಾಲ್ಕು ಸೂಚನೆಗಳನ್ನು ಇಲ್ಲಿ ಮುಂದಿಡಲಾಗಿದೆ.

ಮೊದಲನೆಯದಾಗಿ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಶಾಲೆಗಳಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳ ಶಾಖೆಗಳಲ್ಲಿಯೂ ಹಿರಿಯರ ಮನೆಗಳಲ್ಲಿಯೂ ಇರುವ ಕನ್ನಡ ಗ್ರಂಥಗಳ ಒಂದೇ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯ ಕ್ರಮವನ್ನು ಗ್ರಂಥಪಾಲಕರು ಬಲ್ಲರು. ಯಾವ ಪುಸ್ತಕ ಅಪೂರ್ವವಾದುದೆಂಬುದನ್ನು ವಿದ್ವಾಂಸರು ಬಲ್ಲರು. ಯಾವುದು ಮಗುವಿಗೆ ಹಿಡಿಸುವುದೆಂದು ಹೇಳಬಲ್ಲವರು ಉಪಾಧ್ಯಾಯರು. ಮೂವರೂ ಕೂಡದೆ ಪಟ್ಟಿ ಪೂರ್ಣವಾಗದು.

ಎರಡನೆಯದಾಗಿ, ವರ್ಷಕ್ಕೊಮ್ಮೆ ಸಂಘದ ಆಶ್ರಯದಲ್ಲಿ ಈ ಮೂವರೂ ಒಂದು ದಿನ ಕೂಡಿ ಕುಳಿತುಕೊಳ್ಳಬೇಕು. ಅಲ್ಲಿ ದೀರ್ಘ ಭಾಷಣಗಳು ಬೇಡ. ಆ ವರ್ಷ ಮಕ್ಕಳು ಯಾವ ಪುಸ್ತಕಗಳನ್ನು ತೆಗೆದುಕೊಂಡರು, ಯಾವುವನ್ನು ಮುಟ್ಟಲಿಲ್ಲ, ಏಕೆ ಎಂಬುದನ್ನು ಎರವಲು ಪುಸ್ತಕದ ಆಧಾರದಿಂದ ವಿಚಾರಮಾಡಿದರೆ ಸಾಕು.

ಮೂರನೆಯದಾಗಿ, ಪ್ರತಿಯೊಂದು ಶಾಲೆಯಲ್ಲಿಯೂ ‘ಊರ ಪುಸ್ತಕ’ವೆಂಬ ಒಂದು ದಪ್ಪ ಬರಹದ ಪುಸ್ತಕವಿರಲಿ. ಅಜ್ಜಂದಿರ ಕಸುಬಿನ ಮಾತು, ಅಜ್ಜಿಯರ ಹಾಡು, ಊರಿನ ಗುಡಿಯ ಐತಿಹ್ಯ, ಮನೆತನ ಎಲ್ಲಿಂದ ಬಂದಿತೆಂಬ ನೆನಪು ಇವನ್ನು ಮಕ್ಕಳು ಕೇಳಿ ತಿಳಿದು ಅದರಲ್ಲಿ ಬರೆಯಲಿ. ಹೇಳಿದವರ ಹೆಸರು, ಊರು, ತಾರೀಖು ತಪ್ಪದೆ ದಾಖಲಾಗಲಿ. ಅಂಥ ಪುಸ್ತಕವು ಭಾಷಾಸಂಶೋಧಕರಿಗೆ ಭಂಡಾರವಾಗುತ್ತದೆ. ಮಗುವಿಗಾದರೋ ತನ್ನ ಮನೆಯ ಮಾತೂ ಪುಸ್ತಕಕ್ಕೆ ಯೋಗ್ಯವಾದುದೆಂಬ ಅಭಿಮಾನವನ್ನು ತರುತ್ತದೆ.

ನಾಲ್ಕನೆಯದು ಸಂಶೋಧಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಹಳ್ಳಿಗೆ ಬಂದು ಹಾಡನ್ನೋ ಮಾತನ್ನೋ ಕತೆಯನ್ನೋ ಬರೆದುಕೊಂಡು ಹೋದವರು, ಅದು ಗ್ರಂಥವಾದಾಗ ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕಳುಹಿಸಿಕೊಡಬೇಕು. ನಮ್ಮ ಹಿರಿಯರು ಋಷಿಋಣವೆಂದು ಹೇಳಿದರಷ್ಟೆ. ಊರಿನ ಋಣವೂ ಒಂದುಂಟು. ಆ ಋಣವು ಸಲ್ಲಬೇಕಾದುದು ಶಾಲೆಯ ಬೀರುವಿಗೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಧನರಾಶಿಯಾಗಲಿ ಸರ್ಕಾರದ ಆಜ್ಞೆಯಾಗಲಿ ಅವಶ್ಯವಿಲ್ಲ. ಮನ್ನಾರುಗುಡಿಯ ಎತ್ತಿನ ಗಾಡಿಯು ಶಾಸನಕ್ಕಾಗಿ ಕಾಯಲಿಲ್ಲ. ಶಾಸನವು ಹದಿನೇಳು ವರ್ಷಗಳ ಅನಂತರ ಬಂದಿತು. ತಾಯಿತಂದೆಗಳು ಸಹ ತಮ್ಮ ಪಾಲನ್ನು ಮರೆಯಬಾರದು. ಮಗು ಶಾಲೆಯಿಂದ ತಂದ ಕನ್ನಡ ಪುಸ್ತಕವನ್ನು ರಾತ್ರಿ ಊಟವಾದ ಮೇಲೆ ನಾಲ್ಕು ಪುಟ ಗಟ್ಟಿಯಾಗಿ ಓದಿಸಿ ಕೇಳಿದರೆ ಆ ಪುಸ್ತಕವನ್ನು ಬರೆದವರ ಶ್ರಮವೂ ಕಾಪಾಡಿದವರ ಶ್ರಮವೂ ಸಾರ್ಥಕವಾಗುತ್ತದೆ. ಗಣಿತದ ಉಪಾಧ್ಯಾಯರೊಬ್ಬರು ಗ್ರಂಥಪಾಲಕರಾದುದರಿಂದ ಒಂದು ದೇಶದ ಓದಿನ ಗತಿಯೇ ಬದಲಾಯಿತು. ನಮ್ಮ ಎರಡು ಜಿಲ್ಲೆಗಳ ಉಪಾಧ್ಯಾಯರೂ ಗ್ರಂಥಪಾಲಕರೂ ಸಂಶೋಧಕರೂ ಒಂದು ದಿನವಾದರೂ ಒಂದೇ ಜಮಖಾನೆಯ ಮೇಲೆ ಕುಳಿತರೆ ನಮ್ಮ ಮಕ್ಕಳ ಕನ್ನಡದ ಗತಿ ಬದಲಾಗದಿರಲಾರದು. ಬರುವ ವಾರ್ಷಿಕೋತ್ಸವದೊಳಗೆ ಆ ಮೊದಲ ಕೂಟವು ನೆರವೇರಿ, ಕನ್ನಡ ಗ್ರಂಥಗಳ ಪಟ್ಟಿಯ ಮೊದಲ ಪುಟವಾದರೂ ಬರೆಯಲ್ಪಡಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.